ಫೈಲ್ ಸರ್ವರ್ ದುರಸ್ತಿಯ ಹೆಸರಿನಲ್ಲಿ ಸುರಕ್ಷತೆಯನ್ನೇ ತೆಗೆದುಹಾಕಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಗದಗದ ನಮ್ಮ ಮುದ್ರಣಾಲಯದ ಕಂಪ್ಯೂಟರುಗಳ ವಾರ್ಷಿಕ ನಿರ್ವಹಣೆ ನಿಮ್ಮದು. ಪುಟವಿನ್ಯಾಸದಿಂದ ಪ್ಲೇಟಿಗೆ ಹೋಗುವ ಪಿಡಿಎಫ್‌ವರೆಗೆ ಡಿಟಿಪಿ ವಿಭಾಗದ ಎಲ್ಲ ಕೆಲಸವೂ ನಮ್ಮ ಫೈಲ್ ಸರ್ವರ್ ಆಗಿರುವ ನ್ಯಾಸ್‌ನ (ನೆಟ್‌ವರ್ಕಿಗೆ ಜೋಡಿಸಿದ ಸಂಗ್ರಹ ಯಂತ್ರದ) ಒಂದೇ ಶೇರ್ಡ್ ಫೋಲ್ಡರಿನಲ್ಲಿದೆ. ನಿಮ್ಮವರು ಕಂಪ್ಯೂಟರುಗಳನ್ನು ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಗೆ ಅಪ್‌ಗ್ರೇಡ್ ಮಾಡಿದ ಮೇಲೆ ಆ ಫೋಲ್ಡರ್ ತೆರೆಯುವುದು ನಿಂತಿತು.

ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನು ಈ ಆವೃತ್ತಿ ತಾನಾಗಿಯೇ ತಡೆಯುತ್ತದೆ, ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ವಿಧಾನವಾದ ಎಸ್‌ಎಂಬಿಯಲ್ಲಿ ಸೈನಿಂಗ್ ಅನ್ನು, ಅಂದರೆ ಸಂದೇಶ ದಾರಿಯಲ್ಲಿ ಬದಲಾಗಿಲ್ಲವೆಂದು ಖಾತ್ರಿಪಡಿಸುವ ಸಹಿಯನ್ನು, ಕಡ್ಡಾಯ ಮಾಡುತ್ತದೆ. ಅಪ್‌ಗ್ರೇಡ್ ಮಾಡುವವರಿಗೆ ಇದು ಮೊದಲೇ ಗೊತ್ತಿರಬೇಕಿತ್ತು.

ನಾನು ಕರೆ ಮಾಡಿದಾಗ ನಿಮ್ಮ ಸಿಬ್ಬಂದಿ, "ಪಾಸ್‌ವರ್ಡ್ ತಪ್ಪು ಹೊಡೆದಿರ್ತೀರಿ ಮೇಡಂ, ಕ್ಯಾಪ್ಸ್ ಲಾಕ್ ನೋಡಿ" ಎಂದರು. ಅದು ಪಾಸ್‌ವರ್ಡನ್ನೇ ಕೇಳುತ್ತಿಲ್ಲವೆಂದು ಹೇಳಿ, ನಿಮ್ಮ ಸಂಸ್ಥೆಯ ಸುರಕ್ಷತಾ ನೀತಿ ಗೆಸ್ಟ್ ಪ್ರವೇಶವನ್ನು ತಡೆದಿದೆ ಎಂಬ ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದಿದೆ. "ಸಂಸ್ಥೆ ಅಂದ್ರೆ ನೀವೇ ಅಲ್ವಾ, ನೀವೇ ಏನೋ ಒತ್ತಿರ್ತೀರಿ" ಎಂಬ ಉತ್ತರ ಬಂತು. ಪಿಂಗ್‌ಗೆ (ಯಂತ್ರ ಸ್ಪಂದಿಸುತ್ತದೆಯೇ ಎಂದು ನೋಡಲು ಕಳಿಸುವ ಸಣ್ಣ ಸಂದೇಶಕ್ಕೆ) ಉತ್ತರ ಬರುತ್ತಿರುವುದರಿಂದ ಸರ್ವರ್ ಸರಿಯಿದೆ ಎಂದರು. ಪಿಂಗ್ ಬಂದರೆ ಯಂತ್ರ ಚಾಲೂ ಇದೆ ಎಂದಷ್ಟೇ ಅರ್ಥ, ಫೈಲ್ ಹಂಚಿಕೆ ನಡೆಯುವ 445ನೇ ಪೋರ್ಟ್ ಮತ್ತು ಲಾಗಿನ್ ಪರೀಕ್ಷಿಸಿ ಎಂದೆ. ಆಗ ಅವರು, "ಆಫೀಸಲ್ಲಿ ಕಂಪ್ಯೂಟರ್ ಗೊತ್ತಿರೋ ಜೆಂಟ್ಸ್ ಯಾರಾದ್ರೂ ಇದ್ರೆ ಫೋನ್ ಕೊಡಿ" ಎಂದರು. ಫೋನ್ ಸ್ಪೀಕರಿನಲ್ಲಿತ್ತು, ಪ್ರೂಫ್ ನೋಡಲು ಬಂದಿದ್ದ ಲೇಖಕರೊಬ್ಬರು ಎದುರಿಗೇ ಕುಳಿತಿದ್ದರು. ಕಂಪ್ಯೂಟರ್ ಮುಟ್ಟದ ನಮ್ಮ ಬೈಂಡಿಂಗ್ ವಿಭಾಗದ ಹಿರಿಯರ ಕೈಗೆ ಫೋನ್ ಕೊಟ್ಟೆ. ಅವರು ಹಲೋ ಎಂದದ್ದೇ ತಡ, ನಿಮ್ಮ ಸಿಬ್ಬಂದಿ "ಸರಿ ಸರ್, ಈಗಲೇ ಹುಡುಗನನ್ನು ಕಳಿಸ್ತೀವಿ" ಎಂದರು. ಈ ವಿಭಾಗವನ್ನು ನಡೆಸುತ್ತಿರುವವಳು ನಾನು.

ಬಂದ ತಂತ್ರಜ್ಞರು ಗೆಸ್ಟ್ ಪ್ರವೇಶದ ತಡೆಯನ್ನು ತೆಗೆದರು, ಸೈನಿಂಗ್ ನಿಲ್ಲಿಸಿದರು, ಎಲ್ಲ ಕಂಪ್ಯೂಟರುಗಳ ಫೈರ್‌ವಾಲ್ ಆರಿಸಿದರು, ಅಗತ್ಯವೇ ಇಲ್ಲದಿದ್ದರೂ ಎಸ್‌ಎಂಬಿಯ ಹಳೆಯ, ಅಸುರಕ್ಷಿತ ಆವೃತ್ತಿಯಾದ ಎಸ್‌ಎಂಬಿ 1 ಅನ್ನು ಚಾಲೂ ಮಾಡಿದರು. ಫೋಲ್ಡರಿನ ಮೇಲೆ ಎಲ್ಲರಿಗೂ ಪೂರ್ಣ ಅಧಿಕಾರ ಕೊಟ್ಟು, "ಸಮಸ್ಯೆ ಬಗೆಹರಿದಿದೆ" ಎಂದು ಬರೆದು ನನ್ನ ಸಹಿ ಪಡೆದರು. ಕೀಲಿ ಹುಡುಕುವ ಬದಲು ಬಾಗಿಲನ್ನೇ ಕಿತ್ತಿಟ್ಟು ಹೋದಂತಾಯಿತು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ್ದು ಇದೇ ಎಸ್‌ಎಂಬಿ 1ರ ದೋಷದಿಂದ. ಮರುವಾರವೇ ಸ್ಮರಣ ಸಂಚಿಕೆಯೊಂದರ ಫೋಲ್ಡರ್ ಅಳಿಸಿಹೋಯಿತು. ಯಾರಿಂದ ಎಂದು ತಿಳಿಯಲಿಲ್ಲ, ಏಕೆಂದರೆ ನ್ಯಾಸ್‌ನ ದಾಖಲೆಯಲ್ಲಿ ಈಗ ಪ್ರತಿಯೊಬ್ಬರ ಹೆಸರೂ ಗೆಸ್ಟ್ ಎಂದೇ ಇದೆ.

ಪ್ರತಿ ಸಿಬ್ಬಂದಿಗೂ ನ್ಯಾಸ್‌ನಲ್ಲಿ ಪ್ರತ್ಯೇಕ ಖಾತೆ, ಕೆಲಸಕ್ಕೆ ತಕ್ಕ ಅನುಮತಿ, ನ್ಯಾಸ್ ತಂತ್ರಾಂಶದ ಅಪ್‌ಡೇಟ್, ತೆಗೆದುಹಾಕಿದ ಎಲ್ಲ ರಕ್ಷಣೆಗಳ ಮರುಸ್ಥಾಪನೆ: ಇಷ್ಟು ಕೆಲಸ ಏಳು ದಿನಗಳಲ್ಲಿ ಮುಗಿಯಬೇಕು, ಏನನ್ನು ಬದಲಿಸಿದಿರೆಂಬ ಲಿಖಿತ ವರದಿಯೂ ಬೇಕು. ಇಲ್ಲವಾದರೆ ಗುತ್ತಿಗೆಯ ಬಾಕಿ ಹಣ ಪಾವತಿಯಾಗುವುದಿಲ್ಲ. ನಿಮ್ಮ ಸೇವೆ ಪಡೆಯುತ್ತಿರುವ ಈ ಊರಿನ ಇತರ ಮುದ್ರಣಾಲಯಗಳಿಗೆ ಈ ಪತ್ರದ ಪ್ರತಿಯನ್ನು ನಾನೇ ಕೊಂಡೊಯ್ದು ಕೊಡುತ್ತೇನೆ. ಕಳೆದುಹೋದ ಸಂಚಿಕೆಯನ್ನು ಮತ್ತೆ ಸಿದ್ಧಪಡಿಸಿದ ಖರ್ಚಿನ ಲೆಕ್ಕ ನಮ್ಮ ವಕೀಲರ ನೋಟಿಸಿನೊಂದಿಗೆ ನಿಮಗೆ ತಲುಪುತ್ತದೆ.

ಇಂತಿ,
ಮುಖ್ಯಸ್ಥೆ, ಡಿಟಿಪಿ ವಿಭಾಗ