ರಾತ್ರಿಯ ಯಾಮ ಹೊತ್ತವರಿಗೆ ನಮಸ್ಕಾರ

ಶ್ರಾವಣದ ಭಜನಾ ಸಪ್ತಾಹ ಮಂಗಳವಾಯಿತು. ದೀಪ ಹಚ್ಚಿದಲ್ಲಿಂದ ಮಂಗಳಾರತಿಯ ತನಕ 168 ಗಂಟೆ, ಮೂರು ಗಂಟೆಗೊಂದರಂತೆ 56 ಯಾಮ. ನಾಮ ಎಲ್ಲೂ ಕಡಿಯಲಿಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆಯ ತಂಡಗಳಿಗೂ, ದೇವಿಮನೆ ಘಟ್ಟ ಇಳಿದು ಬಂದ ಶಿರಸಿಯವರಿಗೂ ನಮ್ಮ ಭಜನಾ ಮಂಡಳಿಯ ಕೃತಜ್ಞತೆಗಳು.

ಹಗಲಿಗೆ ಜನ ಹುಡುಕಬೇಕಾಗಿಲ್ಲ. ಸಂಜೆ ಆರರ ಯಾಮ ಸಿಗಲಿಲ್ಲವೆಂದು ಮುನಿಸಿಕೊಳ್ಳುವವರೂ ಇದ್ದಾರೆ! ಸಪ್ತಾಹ ನಿಂತಿರುವುದು ನಡುರಾತ್ರಿ ಹನ್ನೆರಡರಿಂದ ಬೆಳಗಿನ ಆರರ ತನಕದ ಎರಡು ಯಾಮಗಳ ಮೇಲೆ. ಅಲ್ಲಿಗೆ ಸಂಬಳ ಕೊಟ್ಟು ಹಾಡುವವರನ್ನು ಕೂರಿಸಿದರೆ ಹಾಡೇನೋ ಸಾಗುತ್ತದೆ, ಸೇವೆ ಸಾಗುವುದಿಲ್ಲ. ಈ ಸಲ ಅದನ್ನು ಹೊತ್ತವರಲ್ಲಿ ಹೆಚ್ಚಿನವರು ಮೀನುಗಾರರು ಮತ್ತು ಅಡಿಕೆ ತೋಟದವರು. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು, ಎರಡು ತಿಂಗಳು ದಡದಲ್ಲಿದ್ದ ಬೋಟುಗಳಿಗೆ ಇದು ದುಡಿಮೆಯ ಹೊತ್ತು. ತೋಟದಲ್ಲಿ ಕೊಳೆರೋಗ ಬಾರದಂತೆ ಮೊದಲ ಸಲ ಹೊಡೆದ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಮಿಶ್ರಣ) ಬಲ ನಲವತ್ತು, ನಲವತ್ತೈದು ದಿನಕ್ಕೆ ಮುಗಿಯುತ್ತದೆ. ಮಳೆ ಹೊಳವಾದ ದಿನ ಎರಡನೇ ಸಲ ಹೊಡೆಯದಿದ್ದರೆ ಕೊಳೆ ಹತ್ತಿ ಕಾಯಿ ಉದುರುತ್ತದೆ. ಒಂದು ರಾತ್ರಿ ನಿದ್ದೆಗೆಟ್ಟರೆ ಮರುದಿನದ ಕೆಲಸ ಎಷ್ಟು ಕೆಡುತ್ತದೆ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಂದು ಕೂತರು. ಮೂರಕ್ಕೆ ತಮ್ಮ ಪಾಳಿ ಮುಗಿದರೂ ಏಳದೆ, ಮುಂದಿನ ತಂಡದ ಹಿಂದೆ ಕೂತು ಚಪ್ಪಾಳೆ ಹಾಕುತ್ತ ಉಳಿದವರಿದ್ದರು.

ನಾಮ ಕಡಿಯುವ ಭಯ ನಿದ್ದೆಗಿಂತ ತಂಡ ಬದಲಾಗುವಾಗಲೇ ಹೆಚ್ಚು. ‘ನೀವು ಶುರು ಮಾಡಿ’ ಎಂದು ಇವರು, ‘ನೀವು ಮುಗಿಸಿ’ ಎಂದು ಅವರು, ಮರ್ಯಾದೆ ಮಾಡುವುದರೊಳಗೆ ದನಿ ನಿಂತಿರುತ್ತದೆ. ಆದ್ದರಿಂದ ಹೊಸ ತಂಡದವರು ಕಾಲು ಗಂಟೆ ಮೊದಲೇ ಬಂದು ಹಿಂದೆ ಕೂತರು. ಹಳಬರು ಪದ ಮುಗಿಸಿ ಬರಿಯ ವಿಠಲ ನಾಮಕ್ಕೆ ಇಳಿದರು. ಮೊದಲು ತಾಳ ಕೈ ಬದಲಾಯಿತು, ಆಮೇಲೆ ತಬಲ. ಎರಡನೇ ಪೇಟಿಯ (ಹಾರ್ಮೋನಿಯಂ) ತಿದಿ ಆಡಿದ ಮೇಲೆಯೇ ಮೊದಲನೆಯದು ನಿಂತಿತು. ಗಂಡಸರ ಶ್ರುತಿ ಕರಿ ಒಂದು (ಪೇಟಿಯ ಮೊದಲನೇ ಕಪ್ಪು ಮನೆ), ಹೆಂಗಸರದು ಕರಿ ನಾಲ್ಕು ಎಂದು ಗೊತ್ತು ಮಾಡಿದ ಅಕ್ಕನವರಿಗೆ ವಿಶೇಷ ವಂದನೆ. ಕರಿ ಒಂದನ್ನು ‘ಸ’ ಎಂದು ಹಿಡಿದರೆ ಅದರ ಪಂಚಮ, ಅಂದರೆ ‘ಪ’, ಕರಿ ನಾಲ್ಕು. ಹಳಬರ ಪಂಚಮವನ್ನು ಹೊಸಬರು ಷಡ್ಜವಾಗಿ (‘ಸ’) ಹಿಡಿದರಾಯಿತು, ಕಿವಿಗೆ ಎತ್ತಿಹಾಕಿದಂತಾಗುವುದಿಲ್ಲ. ಕನ್ನಡದ ದಾಸರ ಪದ, ಕೊಂಕಣಿ ಭಜನೆ, ಮರಾಠಿ ಅಭಂಗ ಎಂದು ಭಾಷೆ ಬದಲಾದರೂ ತೊಡಕಾಗಲಿಲ್ಲ; ಪುರಂದರದಾಸರ ಅಂಕಿತದಲ್ಲಿರುವವನೂ ಪಂಢರಪುರದವನೂ ಅದೇ ವಿಠಲ.

ಮಳೆಗಾಲದ ಥಂಡಿಗೆ ತಬಲದ ಚರ್ಮ ನೀರು ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಬೆಂಕಿಗೆ ಹಿಡಿದರೆ ಬಿಸಿ ಇರುವಷ್ಟು ಹೊತ್ತು ಏರಿ ಮತ್ತೆ ಬೀಳುತ್ತದೆ, ಜೊತೆಗೆ ಚರ್ಮದ ನಡುವಿನ ಕಪ್ಪು ಲೇಪ, ಕರಣೆಯೂ ಬಿರಿಯುತ್ತದೆ. ಒಂದು ಜೊತೆ ನುಡಿಯುವಾಗ ಇನ್ನೊಂದನ್ನು 40 ವ್ಯಾಟಿನ ಬಲ್ಬು ಉರಿಯುವ ಮರದ ಪೆಟ್ಟಿಗೆಯಲ್ಲಿ, ಬಲ್ಬಿನಿಂದ ಮೊಳದಷ್ಟು ದೂರ ಇಟ್ಟಿದ್ದೆವು. ಈಗಿನ ಎಲ್‌ಇಡಿ ಬಲ್ಬಿಗೆ ಆ ಕಾವಿಲ್ಲ. ಹಳೇ ಬಲ್ಬು ಅಟ್ಟದಿಂದ ಹುಡುಕಿ ತಂದವರೇ, ನಿಮ್ಮ ಉಪಕಾರ ದೊಡ್ಡದು.

ನಂದಾದೀಪಕ್ಕೆ ತೆಳ್ಳಗಿನ ಬತ್ತಿಯಾದರೆ ಗಂಟೆಗೆ ಆರೇಳು ಮಿಲಿ ಎಣ್ಣೆ, ವಾರಕ್ಕೆ ಒಂದೂಕಾಲು ಲೀಟರ್ ಸಾಕು. ದಪ್ಪ ಬತ್ತಿ ಬರಿದೇ ಎಣ್ಣೆ ಕುಡಿದು ಮಸಿ ಕಾರುತ್ತದೆ. ಯಾಮಕ್ಕೊಮ್ಮೆ ಎಣ್ಣೆ ಎರೆದು, ಬತ್ತಿಯ ಕುಡಿಗೆ ಕಟ್ಟಿದ ಕರಿಯನ್ನು ಕಡ್ಡಿಯಿಂದ ತಟ್ಟಿ ಬೀಳಿಸಬೇಕು. ಗಾಳಿಗೆ ಒಂದು ಆರಿದರೆ ಎಂದು ಗರ್ಭಗುಡಿಯ ಒಳಗೆ ಜೋಡಿ ದೀಪ ಇತ್ತು. ಚಳಿಗಾಲದಲ್ಲಿ ಸಪ್ತಾಹ ಮಾಡುವ ಘಟ್ಟದ ಮೇಲಿನವರಿಗೆ ಒಂದು ಮಾತು: ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಎಳ್ಳೆಣ್ಣೆ ಇಟ್ಟುಕೊಳ್ಳಿ.

ದೇವರಿಗೆ ಬೆಳ್ಳಿ ಪ್ರಭಾವಳಿ ಮಾಡಿಸಿಕೊಡುತ್ತೇವೆ ಎಂದವರಿಗೂ ನಮಸ್ಕಾರ. ಅದರ ಬದಲು ಒಂದು ರಾತ್ರಿಯ ಯಾಮ ಹಿಡಿಯಿರಿ ಎಂದು ಕೇಳಿದೆವು. ಬೇಜಾರಾಗದೆ ಬಂದು ಕೂತಿರಿ. ಶಿವಾಜಿ ಮಹಾರಾಜರು ಕಳಿಸಿದ ಉಡುಗೊರೆಯನ್ನು ತುಕಾರಾಮರು ಹಾಗೇ ಹಿಂದಕ್ಕೆ ಕಳಿಸಿದರಂತೆ. ನಾವು ಅಷ್ಟು ದೊಡ್ಡವರಲ್ಲ. ಅಕ್ಕಿಗೂ ಎಣ್ಣೆಗೂ ದುಡ್ಡು ಬೇಕು, ಹುಂಡಿಗೆ ಬಿದ್ದದ್ದನ್ನು ತೆಗೆದುಕೊಂಡಿದ್ದೇವೆ. ಆದರೆ ದೇಣಿಗೆದಾರರ ಹೆಸರು ಮೈಕಿನಲ್ಲಿ ಓದುವ ಪದ್ಧತಿ ಈ ಸಲ ಬಿಟ್ಟೆವು. ಭಜನೆಯ ನಡುವೆ ಮೊತ್ತ ಕೂಗಿದರೆ, ಐವತ್ತು ರೂಪಾಯಿ ಹಾಕಿದ ಅಜ್ಜಿ ತಲೆ ತಗ್ಗಿಸುತ್ತಾಳೆ, ಐದು ಸಾವಿರ ಕೊಟ್ಟವನು ವಿಠಲನನ್ನು ಬಿಟ್ಟು ತನ್ನ ಹೆಸರಿಗೆ ಕಾಯುತ್ತಾನೆ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಮೈಕು ಬಂದ್ ಇತ್ತು. ಕಾನೂನೂ ಹಾಗೇ ಇದೆ, ಗಂಟಲಿಗೂ ಒಳ್ಳೆಯದು. ಮೈಕಿದ್ದರೆ ಎಲ್ಲರೂ ಕಿರುಚುತ್ತಾರೆ. ಹೊತ್ತು ಹೊತ್ತಿಗೆ ಶುಂಠಿ, ಜೀರಿಗೆ ಕಷಾಯ, ಗಂಜಿ, ಅವಲಕ್ಕಿ ಪಂಚಕಜ್ಜಾಯ ಒದಗಿಸಿದ ಅಡುಗೆಮನೆಯವರಿಗೂ, ಚಪ್ಪಲಿ ಕಾದ ಮಕ್ಕಳಿಗೂ ವಂದನೆಗಳು.

ಎರಡು ಜೊತೆ ಹಿತ್ತಾಳೆ ತಾಳ, ಒಂದು ಶಾಲು ಮತ್ತು ರಾಶಿ ಕೊಡೆಗಳು ದೇವಸ್ಥಾನದ ಚಾವಡಿಯಲ್ಲಿ ಉಳಿದಿವೆ. ತಮ್ಮವನ್ನು ಗುರುತಿಸಿ ಒಯ್ಯಬೇಕಾಗಿ ವಿನಂತಿ. ಕೊಡೆಗಳೆಲ್ಲ ಕಪ್ಪು, ನಿಧಾನವಾಗಿ ನೋಡಿ.