ಕಡತದಲ್ಲಿ ಉಳಿದ ಹೆಸರುಗಳು

ಮಾನ್ಯ ಸಂಪಾದಕರೇ,

ನಾನು ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಸೇವೆಗೆ ಸೇರಿದ ಹೊಸದರಲ್ಲಿ, ಮನೆಗಳ್ಳತನದ ದೂರು ಬಂದರೆ ನಮ್ಮ ಜೀಪು ಮೊದಲು ಹೋಗುತ್ತಿದ್ದುದು ಕೊರಮರ ಓಣಿಗೆ. ಬುಟ್ಟಿ ಹೆಣೆಯುವ ಮುದುಕರನ್ನೂ ನಡುರಾತ್ರಿ ಎಬ್ಬಿಸಿ ಸಾಲಾಗಿ ನಿಲ್ಲಿಸುತ್ತಿದ್ದೆವು. ‘ಅಲ್ಲಿಗೇ ಯಾಕ್ರೀ ಸರ್?’ ಎಂದು ಒಮ್ಮೆ ಕೇಳಿದೆ. ‘ಮೊದಲಿಂದ ಹಂಗ ಐತಿ’ ಅಂದರು ಸಾಹೇಬರು.

ಆ ‘ಮೊದಲು’ ಯಾವಾಗಿನದೆಂದು ತಿಳಿದದ್ದು ನಿವೃತ್ತಿಯಾದ ಮೇಲೆ, ಓದಲು ಕೂತಾಗ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರ ಕಾಯ್ದೆ ಮುಂಬೈ, ಮದ್ರಾಸ್ ಪ್ರಾಂತ್ಯಗಳನ್ನೂ ಒಳಗೊಂಡಿತು. ಜಾತಿಗೆ ಜಾತಿಯೇ ಕಳ್ಳರೆಂದು ದಾಖಲಾಯಿತು. ಬೆರಳಚ್ಚು, ಹಾಜರಿ, ಊರು ಬಿಡಲು ಪರವಾನಗಿ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ ಕೊರಮರ ಕಸುಬನ್ನು ರೈಲು ಕಸಿದುಕೊಂಡಿತ್ತು. ಅವರ ಅಲೆದಾಟವನ್ನೇ ಸರ್ಕಾರ ಅಪರಾಧವೆಂದು ಓದಿತು. ಹೀಗೆ ದಾಖಲಾದವರನ್ನು ಕೂಡಿಹಾಕಿ ಕಾಯುತ್ತಿದ್ದ ವಸತಿಗೆ ‘ಸೆಟ್ಲ್‌ಮೆಂಟ್’ ಎನ್ನುತ್ತಿದ್ದರು, ನಮ್ಮ ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಪ್ರದೇಶದ ಹೆಸರು ಆ ಕಾಲದ್ದೇ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು, ನಮ್ಮದು 1961ರದು. ಅದು ಕೇಳುವುದು ವ್ಯಕ್ತಿಯ ಅಪರಾಧವನ್ನು, ಜಾತಿಯನ್ನಲ್ಲ. ಆದರೆ ಬೀಟಿಗೆ ಹೋಗುವವನ ಕಣ್ಣು ಬದಲಾಗಲಿಲ್ಲ. ನನ್ನದೂ ಬದಲಾಗಲಿಲ್ಲ. ಅಪ್ಪನ ಹೆಸರು ಹಳೇ ಕಡತದಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಹತ್ತನೇ ತರಗತಿಯ ಹುಡುಗನೊಬ್ಬನನ್ನು ರಾತ್ರಿಯಿಡೀ ಠಾಣೆಯಲ್ಲಿ ಕೂರಿಸಿದೆವು. ಬೆಳಿಗ್ಗೆ ಅವನಿಗೆ ಗಣಿತದ ಪರೀಕ್ಷೆಯಿತ್ತು. ಬಾಗಿಲಲ್ಲಿ ಕಾವಲಿದ್ದವನು ನಾನು. ಆ ಕಳವು ಯಾರು ಮಾಡಿದ್ದೆಂದು ಕೊನೆಗೂ ಪತ್ತೆಯಾಗಲಿಲ್ಲ. ಹುಡುಗನ ಪರೀಕ್ಷೆ ಮಾತ್ರ ತಪ್ಪಿತು.

2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಹಿಸ್ಟರಿ ಶೀಟ್‌ಗಳಲ್ಲಿ, ಅಂದರೆ ಠಾಣೆಯವರು ನಿಗಾ ಇಡಬೇಕಾದವರ ಬಗ್ಗೆ ತೆರೆಯುವ ಹಾಳೆಗಳಲ್ಲಿ, ಹಿಂದುಳಿದ ಮತ್ತು ವಿಮುಕ್ತ (ಆ ಹಳೇ ಕಾಯ್ದೆಯಿಂದ ಬಿಡುಗಡೆಯಾದ) ಸಮುದಾಯಗಳ ಅಮಾಯಕರ ಹೆಸರು ಸೇರಬಾರದೆಂದು ಹೇಳಿ, ಅವುಗಳನ್ನು ಹಿರಿಯ ಅಧಿಕಾರಿ ಕಾಲಕಾಲಕ್ಕೆ ಪರಿಶೀಲಿಸಬೇಕೆಂದಿತು. ಅದೇ ವರ್ಷ ಅಕ್ಟೋಬರ್ 3ರಂದು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸದಂತೆ ಪೊಲೀಸರಿಗೂ ಎಚ್ಚರಿಸಿತು.

ತೀರ್ಪಿನ ಪ್ರತಿ ಠಾಣೆಗೆ ಕಳಿಸಿದರೆ ಸಾಲದು. ನನ್ನ ತರಬೇತಿಯಲ್ಲಿ ಕಲಮುಗಳಿದ್ದವು, ಕವಾಯತಿತ್ತು, ಈ ಇತಿಹಾಸದ ಒಂದು ಪಾಠವೂ ಇರಲಿಲ್ಲ. ಇದ್ದಿದ್ದರೆ ಆ ರಾತ್ರಿ ಸಾಹೇಬರ ಮುಂದೆ ಇನ್ನೊಂದು ಮಾತು ಆಡುವ ಧೈರ್ಯ ನನಗೆ ಬರುತ್ತಿತ್ತೇನೋ. ಹೊಸ ಪೇದೆಗಳಿಗೆ ಗೃಹ ಇಲಾಖೆ ಅದನ್ನು ಕಲಿಸಲಿ. ಜೊತೆಗೆ ಪ್ರತಿ ಠಾಣೆಯ ಹಿಸ್ಟರಿ ಶೀಟ್‌ಗಳನ್ನು ಹೊರಗಿನ ಅಧಿಕಾರಿಯೊಬ್ಬರು ಕೂತು ಓದಲಿ. ಹೆಸರಿನ ಮುಂದೆ ಕೋರ್ಟು ಕೊಟ್ಟ ಶಿಕ್ಷೆಯ ಪ್ರಕರಣ ಸಂಖ್ಯೆ ಇಲ್ಲದಿದ್ದರೆ ಆ ಹಾಳೆ ಯಾಕೆ ತೆರೆದರೆಂದು ಕೇಳಲಿ, ಉತ್ತರವಿಲ್ಲದಿದ್ದರೆ ಅಂದೇ ಮುಚ್ಚಲಿ.

– ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಹುಬ್ಬಳ್ಳಿ