ಆ ಕಪ್ಪು ಬಿಲ್ಲೆಯ ಕಥೆ ಬೇರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಸೂಪರ್‌ಕಂಡಕ್ಟರ್ (ತೀರಾ ತಣ್ಣಗಾದಾಗ ವಿದ್ಯುತ್ತಿಗೆ ಒಂದಿಷ್ಟೂ ತಡೆ ಒಡ್ಡದ ವಸ್ತು) ಬರಹ ಓದಿದೆ. ತೇಲುವ ಆಯಸ್ಕಾಂತದ ಚಿತ್ರ ಚೆನ್ನಾಗಿತ್ತು. ಆದರೆ ಕೆಳಗಿನ ವಿವರಣೆ ಆ ಚಿತ್ರಕ್ಕೆ ಸೇರಿದ್ದಲ್ಲ. ಹರಳಿನ ಕಂಪನದಿಂದ ಎಲೆಕ್ಟ್ರಾನುಗಳು ಜೋಡಿಯಾಗಿ ತಡೆಯಿಲ್ಲದೆ ಹರಿಯುತ್ತವೆ ಅಂತ ನೀವು ಬರೆದದ್ದು ಪಾದರಸಕ್ಕೆ, ಸೀಸಕ್ಕೆ ಸರಿ. ಚಿತ್ರದಲ್ಲಿರುವ ಕಪ್ಪು ಬಿಲ್ಲೆ ತಾಮ್ರದ ಆಕ್ಸೈಡಿನದು. ಅದರಲ್ಲಿ ಜೋಡಿ ಕಟ್ಟಿಸುವುದು ಯಾವುದು ಅಂತ ಇವತ್ತಿಗೂ ಒಮ್ಮತ ಇಲ್ಲ.

ತೊಂಬತ್ತರ ದಶಕದಲ್ಲಿ ಅಂಥದ್ದೇ ಬಿಲ್ಲೆಯನ್ನು ನಾವು ಕಾಲೇಜಿನಲ್ಲಿ ಮಾಡಿದ್ದೆವು. ಯಿಟ್ರಿಯಂ, ಬೇರಿಯಂ, ತಾಮ್ರ 1:2:3 ಲೆಕ್ಕದಲ್ಲಿ. ಕಲ್ಬತ್ತಿನಲ್ಲಿ ಅರೆದು ಅರೆದು ರಟ್ಟೆ ಬಿದ್ದುಹೋಗಿತ್ತು. ಮೊದಲ ಸಲ ಕುಲುಮೆಯಿಂದ ಬಂದದ್ದು ಹಸಿರು ಬಿಲ್ಲೆ. ಹಸಿರಾದರೆ ಕೆಟ್ಟಿತು ಅಂತಲೇ ಅರ್ಥ. ಮತ್ತೆ ಅರೆದು, ಸುಟ್ಟು, ಆಕ್ಸಿಜನ್ ಹಾಯಿಸುತ್ತಾ ನಿಧಾನಕ್ಕೆ ಆರಿಸಿದ ಮೇಲೆ ಕಪ್ಪಗೆ ಬಂತು. ಅದನ್ನು ತಣ್ಣಗಾಗಿಸಲು ದ್ರವ ಸಾರಜನಕ ಸಿಕ್ಕಿದ್ದು ಪಶು ಆಸ್ಪತ್ರೆಯಲ್ಲಿ, ಹೋರಿಯ ವೀರ್ಯ ಇಡುವ ಜಾಡಿಯಿಂದ! ಡಾಕ್ಟರು ನಗುತ್ತಲೇ ಎರಡು ಲೀಟರ್ ಕೊಟ್ಟರು.

ಹುಡುಗರು ತೇಲುವ ಆಯಸ್ಕಾಂತ ನೋಡಿ ಕುಣಿದರು. ನನಗೆ ಜಾಸ್ತಿ ಕಾಡಿದ್ದು ಬಿಲ್ಲೆ ಬೆಚ್ಚಗಾಗುವಾಗ ಬರೆದ ಗ್ರಾಫ್. ಸುಮಾರು 90 ಕೆಲ್ವಿನ್‌ವರೆಗೆ (ಅಂದರೆ ಮೈನಸ್ 183 ಡಿಗ್ರಿ ಸೆಲ್ಸಿಯಸ್) ರೋಧ, ಅಂದರೆ ವಿದ್ಯುತ್ತಿಗೆ ಇರುವ ತಡೆ, ಸೊನ್ನೆ. ಅಲ್ಲಿಂದ ಕೋಣೆಯ ಬಿಸಿಯವರೆಗೆ ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೇರ ಗೆರೆ. ನೇರ ಗೆರೆಯಲ್ಲೇನು ವಿಶೇಷ ಅನ್ನಬಹುದು. ಇದೇ ಜಾತಿಯ, ಲ್ಯಾಂಥನಂ ಇರುವ ಇನ್ನೊಂದು ವಸ್ತುವಿನಲ್ಲಿ ಆ ಗೆರೆ 1000 ಕೆಲ್ವಿನ್ ಆಚೆಗೂ ಬಾಗದೆ ಹೋಗುತ್ತದೆ. ಅಷ್ಟು ಹೊತ್ತಿಗೆ ಎಲೆಕ್ಟ್ರಾನು ಒಂದು ಪರಮಾಣುವಿನಿಂದ ಪಕ್ಕದ್ದಕ್ಕೆ ಹೋಗುವಷ್ಟರಲ್ಲೇ ಡಿಕ್ಕಿ ಹೊಡೆಯುತ್ತಿರಬೇಕು. ಬೇರೆ ಎಷ್ಟೋ ಲೋಹಗಳಲ್ಲಿ ಆ ಹಂತಕ್ಕೆ ಬಂದ ರೋಧ ಇನ್ನು ಏರಲಾರೆ ಅಂತ ಚಪ್ಪಟೆಯಾಗುತ್ತದೆ. ಇದಕ್ಕೆ ಆ ಪರಿವೆಯೇ ಇಲ್ಲ. ಭೌತವಿಜ್ಞಾನಿಗಳು ಇದನ್ನು 'ಸ್ಟ್ರೇಂಜ್ ಮೆಟಲ್' (ವಿಚಿತ್ರ ಲೋಹ) ಅನ್ನುವುದು ಸುಮ್ನೆ ಅಲ್ಲ. ತಣ್ಣಗಿರುವಾಗಿನ ಚಮತ್ಕಾರಕ್ಕಿಂತ ಅದರ ಮಾಮೂಲಿ ಸ್ಥಿತಿಯೇ ದೊಡ್ಡ ಒಗಟು.

ಇನ್ನೊಂದು ಮಾತು. ಕಂಪನವನ್ನು ಬದಿಗಿಟ್ಟು, ಎಲೆಕ್ಟ್ರಾನುಗಳ ನಡುವಿನ ಜಗಳದಿಂದಲೇ ಜೋಡಿ ಹುಟ್ಟಬಹುದು ಎಂಬ ವಾದವನ್ನು ಅಮೆರಿಕದ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಮುಂದಿಟ್ಟದ್ದು 1987ರ ಜನವರಿಯಲ್ಲಿ, ನಮ್ಮ ಬೆಂಗಳೂರಿನ ಸಮ್ಮೇಳನದಲ್ಲೇ. ಕನ್ನಡ ಪತ್ರಿಕೆಯಲ್ಲಿ ಅದಕ್ಕೆ ಎರಡು ಸಾಲು ಸಿಗಬೇಕಿತ್ತು, ಅಲ್ವಾ?

ನಮ್ಮ ಗ್ರಾಫ್ ಹಾಳೆ ಹಳದಿಯಾಗಿದ್ದರೂ ಗೆರೆ ಸ್ಪಷ್ಟವಾಗಿದೆ. ಅಚ್ಚು ಹಾಕುವುದಾದರೆ ಕಳಿಸಿಕೊಡುತ್ತೇನೆ.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ತಿಪಟೂರು